ಕುಡಿತದ ತುಡಿತಕ್ಕೆ ಮಾತ್ರೆ: ಮೊದಲ ಭೇಟಿಯಿಂದ ಮಾತ್ರೆ ನಿಲ್ಲಿಸುವವರೆಗೆ

ಸಂಜೆ ಆರೂಕಾಲು. ಅಣ್ಣ ಟಿವಿ ಮುಂದೆ ಕೂತಿದ್ದ, ಕಣ್ಣು ಟಿವಿಯ ಮೇಲಿರಲಿಲ್ಲ. ಬಲಗಾಲು ನೆಲಕ್ಕೆ ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಎದ್ದು ಹೋಗಿ ನೀರು ಕುಡಿದ, ಬಂದು ಕೂತ, ಮೊಳೆಗೆ ತೂಗುಹಾಕಿದ್ದ ಗಾಡಿ ಕೀ ಕಡೆ ನೋಡಿದ, ಮತ್ತೆ ಎದ್ದ. ಕುಡಿತ ಬಿಟ್ಟು ಹನ್ನೊಂದು ದಿನವಾಗಿತ್ತು. "ಬೇಡ ಅಂತ ನನಗೇ ಗೊತ್ತು ಕಣೋ. ಆದ್ರೆ ಬಾಯಿ ಕೇಳ್ತಿದೆ, ಕೈ ಕೇಳ್ತಿದೆ, ಹೊಟ್ಟೆ ಕೇಳ್ತಿದೆ" ಅಂದ. ಏಳು ಗಂಟೆಗೆ ನೋಡಿದರೆ ಮೊಳೆಯ ಮೇಲೆ ಕೀ ಇರಲಿಲ್ಲ.

ನಮ್ಮ ಮನೆಯಲ್ಲಿ ಇದಕ್ಕೆ ಚಪಲ ಅನ್ನುತ್ತಿದ್ದೆವು. ಆ ಪದದಲ್ಲೇ ಆರೋಪವಿದೆ: ನಾಲಿಗೆ ಹಿಡಿತದಲ್ಲಿಲ್ಲ, ಮನಸ್ಸು ಗಟ್ಟಿಯಿಲ್ಲ ಅಂತ. ಆಣೆ ಹಾಕಿಸಿದೆವು, ಅತ್ತೆವು, ಮಾತು ಬಿಟ್ಟೆವು. ಈ ತುಡಿತವನ್ನು ತಗ್ಗಿಸುವ ಮಾತ್ರೆಗಳಿವೆ ಎಂದು ಆರು ವರ್ಷ ನಮಗೆ ಯಾರೂ ಹೇಳಲಿಲ್ಲ, ನಾವೂ ಯಾರನ್ನೂ ಕೇಳಲಿಲ್ಲ. ಆ ಆರು ವರ್ಷದ ಬಗ್ಗೆ ನನಗೆ ಇವತ್ತಿಗೂ ಸಂಕಟವಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ವೈದ್ಯನಲ್ಲ. ಯಾವ ಮಾತ್ರೆ, ಎಷ್ಟು, ಎಂದಿನಿಂದ ಎಂಬುದನ್ನು ವೈದ್ಯರೇ ತೀರ್ಮಾನಿಸಬೇಕು. ಆದರೆ ಏನು ಕೇಳಬೇಕು, ಏನು ಮುಚ್ಚಿಡಬಾರದು, ಮೊದಲ ವಾರ ಹೇಗಿರುತ್ತದೆ ಎಂಬುದು ಗೊತ್ತಿದ್ದರೆ ಅರ್ಧ ದಾರಿ ಸಲೀಸಾಗುತ್ತದೆ. ಕುಡಿಯುವವರಿಗೂ ಅವರ ಪಕ್ಕದಲ್ಲಿ ಕೂತಿರುವವರಿಗೂ ಸೇರಿ ಬರೆದಿದ್ದೇನೆ.

## ಮೊದಲು, ಈ ತುಡಿತ ಎಲ್ಲಿಂದ ಬರುತ್ತದೆ

ಮದ್ಯ ಒಳಗೆ ಹೋದಾಗ ಮಿದುಳು ಎಂಡಾರ್ಫಿನ್ ಎಂಬ ತನ್ನದೇ ಹಿತದ ರಾಸಾಯನಿಕಗಳನ್ನು ಬಿಡುಗಡೆ ಮಾಡುತ್ತದೆ. ಅವು ಓಪಿಯಾಯ್ಡ್ ಗ್ರಾಹಕಗಳಿಗೆ, ಅಂದರೆ ಅಫೀಮಿನ ಜಾತಿಯ ಮದ್ದುಗಳೂ ಹೋಗಿ ಕೂರುವ ಜಾಗಗಳಿಗೆ, ಅಂಟಿಕೊಂಡು, ಅಲ್ಲಿಂದ ಡೋಪಮೈನ್ ಏರುತ್ತದೆ. ಆ ಹಿತದ ಜೊತೆಗೆ ಹೊತ್ತು, ಜಾಗ, ಜೊತೆಗಾರ, ಗ್ಲಾಸಿನ ಸದ್ದು ಎಲ್ಲವನ್ನೂ ಮಿದುಳು ಗಂಟುಹಾಕಿ ಇಟ್ಟುಕೊಳ್ಳುತ್ತದೆ. ವರ್ಷಗಟ್ಟಲೆ ಸಂಜೆ ಆರಕ್ಕೆ ಕುಡಿದವನಿಗೆ ಆರು ಗಂಟೆಯಾಗುವುದೇ ಸಾಕು, ಕಾಲು ತಾನಾಗಿ ಕುಣಿಯತೊಡಗುತ್ತದೆ.

ಇನ್ನೊಂದು ದಾರಿಯೂ ಇದೆ. ಮದ್ಯವು ಮಿದುಳನ್ನು ತಣ್ಣಗಿಡುವ ಗಾಬಾ ವ್ಯವಸ್ಥೆಗೆ ಬಲ ಕೊಟ್ಟು, ಕೆರಳಿಸುವ ಗ್ಲುಟಮೇಟ್ ಅನ್ನು ಅದುಮುತ್ತದೆ. ದಿನಾ ಹೀಗಾದಾಗ ಮಿದುಳು ಸಮತೋಲಕ್ಕಾಗಿ ಕೆರಳಿಸುವ ಕಡೆಯನ್ನೇ ಹೆಚ್ಚಿಸಿಕೊಳ್ಳುತ್ತದೆ. ಕುಡಿತ ನಿಂತ ಮೇಲೂ ಆ ಕೆರಳಿಕೆ ವಾರಗಟ್ಟಲೆ, ಕೆಲವರಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ: ನಿದ್ದೆ ಹತ್ತದು, ಸಣ್ಣ ಮಾತಿಗೂ ಸಿಡುಕು, ಎದೆಯಲ್ಲಿ ಕಾರಣವಿಲ್ಲದ ತಳಮಳ. ಅದನ್ನು ಆರಿಸಲು ಒಂದು ಪೆಗ್ ಸಾಕು ಎಂದು ದೇಹಕ್ಕೆ ಚೆನ್ನಾಗಿ ಗೊತ್ತಿರುತ್ತದೆ.

ಹೀಗಾಗಿ ತುಡಿತಕ್ಕೆ ಎರಡು ದನಿಗಳಿವೆ. "ಆ ಮಜಾ ಬೇಕು" ಎನ್ನುವುದು ಒಂದು, "ಈ ಸಂಕಟ ಹೋದರೆ ಸಾಕು" ಎನ್ನುವುದು ಇನ್ನೊಂದು. ಹೆಚ್ಚಿನವರಲ್ಲಿ ಎರಡೂ ಇರುತ್ತವೆ, ಒಂದು ಜೋರಾಗಿರುತ್ತದೆ. ನಿಮ್ಮದು ಯಾವುದು ಎಂದು ಗಮನಿಸಿಟ್ಟುಕೊಳ್ಳಿ, ವೈದ್ಯರ ಮುಂದೆ ಈ ಒಂದು ವಾಕ್ಯ ಬಹಳ ಉಪಯೋಗಕ್ಕೆ ಬರುತ್ತದೆ. ಅಂದಹಾಗೆ, 2013ರಲ್ಲಿ ಬಂದ ಡಿಎಸ್ಎಂ-5 ಎಂಬ ಮನೋವೈದ್ಯಕೀಯ ಕೈಪಿಡಿ ತುಡಿತವನ್ನು ಮದ್ಯವ್ಯಸನದ ಲಕ್ಷಣಗಳ ಪಟ್ಟಿಗೇ ಸೇರಿಸಿತು. ಅಲ್ಲಿ ಅದು ರೋಗಲಕ್ಷಣ. ನಮ್ಮ ಮನೆಗಳಲ್ಲಿ ಮಾತ್ರ ಇನ್ನೂ ಚಪಲ.

## ಹೆಜ್ಜೆ 1: ಎಷ್ಟು ಕುಡಿಯುತ್ತೀರಿ ಎಂದು ಬರೆದಿಡಿ

ವೈದ್ಯರ ಬಳಿ ಹೋಗುವ ಮುಂಚೆ ಒಂದು ವಾರದ ಲೆಕ್ಕ ಬರೆಯಿರಿ. ಕಡಿಮೆ ಮಾಡಿ ಬರೆಯಬೇಡಿ, ನಾಚಿಕೆಯಿಂದ ಹೆಚ್ಚಿಸಿಯೂ ಬರೆಯಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 10 ಗ್ರಾಂ ಶುದ್ಧ ಆಲ್ಕೋಹಾಲ್ ಎಂದರೆ ಒಂದು ಪ್ರಮಾಣ. ಶೇ. 40ರ ವಿಸ್ಕಿ ಅಥವಾ ರಮ್ 60 ಮಿ.ಲೀ. ಕುಡಿದರೆ ಹೆಚ್ಚುಕಡಿಮೆ 19 ಗ್ರಾಂ, ಅಂದರೆ ಸುಮಾರು ಎರಡು ಪ್ರಮಾಣ. ಶೇ. 5ರ ಬಿಯರ್ ಅರ್ಧ ಲೀಟರ್ ಕುಡಿದರೂ ಅಷ್ಟೇ. "ಬರೀ ಬಿಯರ್" ಎನ್ನುವವರು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಬೇಕು. ಅಣ್ಣ ಮಾಡಿದಾಗ ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡು ಸುಮಾರು ಹೊತ್ತು ಸುಮ್ಮನಿದ್ದ.

ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ ಆಡಿಟ್ ಎಂಬ ಹತ್ತು ಪ್ರಶ್ನೆಗಳ ಪಟ್ಟಿಯೂ ಇದೆ. ಒಟ್ಟು ಅಂಕ 40. 8 ಅಥವಾ ಹೆಚ್ಚಾದರೆ ಕುಡಿತ ಅಪಾಯದ ಮಟ್ಟದಲ್ಲಿದೆ ಎಂದೂ, 20 ಅಥವಾ ಹೆಚ್ಚಾದರೆ ಅವಲಂಬನೆ ಇರುವ ಸಾಧ್ಯತೆ ಇದೆ, ತಜ್ಞರು ನೋಡಬೇಕು ಎಂದೂ ಸಾಮಾನ್ಯವಾಗಿ ಓದುತ್ತಾರೆ.

ಅದೇ ಹಾಳೆಯ ಕೊನೆಯಲ್ಲಿ ನಿಮಗೆ ಏನು ಬೇಕು ಎಂದು ಒಂದೇ ಸಾಲು ಬರೆಯಿರಿ: ಪೂರ್ತಿ ಬಿಡಬೇಕೋ, ಕಡಿಮೆ ಮಾಡಬೇಕೋ. ಮಾತ್ರೆಯ ಆಯ್ಕೆ ಇದರ ಮೇಲೂ ನಿಂತಿದೆ. ಅವಲಂಬನೆ ಗಾಢವಾಗಿದ್ದರೆ, ಲಿವರ್ ಕೆಟ್ಟಿದ್ದರೆ, ಗರ್ಭಿಣಿಯಾಗಿದ್ದರೆ ಪೂರ್ತಿ ಬಿಡುವುದೇ ಸರಿ ಎಂದು ವೈದ್ಯರು ಹೇಳುತ್ತಾರೆ. ಉಳಿದವರು ಕಡಿಮೆ ಮಾಡುವ ಗುರಿಯಿಟ್ಟುಕೊಂಡು ಹೋದರೂ ಯಾವ ತಪ್ಪೂ ಇಲ್ಲ. ಅಲ್ಲಿಂದಲೇ ಪೂರ್ತಿ ಬಿಡುವವರೆಗೆ ಬಂದವರು ಬಹಳ.

## ಹೆಜ್ಜೆ 2: ದಿಢೀರನೆ ನಿಲ್ಲಿಸಬೇಡಿ

ಇದನ್ನು ದಯವಿಟ್ಟು ಎರಡು ಸಲ ಓದಿ. ದಿನಾ ಜಾಸ್ತಿ ಕುಡಿಯುವವರು ಒಂದೇ ಏಟಿಗೆ ನಿಲ್ಲಿಸಿದರೆ ಪ್ರಾಣಕ್ಕೆ ಕುತ್ತು ಬರಬಹುದು.

ಕೊನೆಯ ಗ್ಲಾಸಾಗಿ ಆರರಿಂದ ಹನ್ನೆರಡು ಗಂಟೆಯೊಳಗೆ ಕೈ ನಡುಕ, ಬೆವರು, ವಾಂತಿ, ಎದೆ ಬಡಿತ ಶುರುವಾಗುತ್ತದೆ. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಸನ್ನಿ ಹಿಡಿಯುತ್ತದೆ: ಜ್ವರ, ಗೊಂದಲ, ಇಲ್ಲದ್ದು ಕಾಣುವುದು, ಎಲ್ಲಿದ್ದೇನೆ ಎಂಬುದೇ ತಿಳಿಯದಿರುವುದು. ಹಿಂದೆ ಯಾವಾಗಲಾದರೂ ಬಿಟ್ಟಾಗ ಫಿಟ್ಸ್ ಬಂದಿದ್ದರೆ, ಬೆಳಿಗ್ಗೆ ಎದ್ದ ಕೂಡಲೇ ಕುಡಿಯದೆ ಕೈ ನಿಲ್ಲದಿದ್ದರೆ, ಮನೆಯಲ್ಲೇ ಬಿಡುವ ಪ್ರಯತ್ನ ಮಾಡಲೇಬೇಡಿ. ಆಸ್ಪತ್ರೆಯಲ್ಲಿ ಕ್ಲೋರ್‌ಡಯಾಜಿಪಾಕ್ಸೈಡ್, ಡಯಾಜಿಪಾಮ್ ಅಥವಾ ಲೋರಾಜಿಪಾಮ್ ಕೊಟ್ಟು, ದಿನೇ ದಿನೇ ತಗ್ಗಿಸುತ್ತಾ ಈ ದಿನಗಳನ್ನು ದಾಟಿಸುತ್ತಾರೆ. ಫಿಟ್ಸ್ ಅಥವಾ ಗೊಂದಲ ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ, ತುರ್ತು ಚಿಕಿತ್ಸೆಗೆ ಕರೆದೊಯ್ಯಿರಿ.

ಇದರ ಜೊತೆಗೆ ಥಯಾಮಿನ್, ಅಂದರೆ ವಿಟಮಿನ್ ಬಿ1. ಕುಡಿಯುವವರಲ್ಲಿ ಇದು ಬರಿದಾಗಿರುತ್ತದೆ. ಕೊರತೆ ತೀವ್ರವಾದರೆ ಕಣ್ಣಿನ ಚಲನೆ, ನಡಿಗೆ, ನೆನಪು ಮೂರಕ್ಕೂ ಪೆಟ್ಟು ಬೀಳುತ್ತದೆ, ನೆನಪಿಗೆ ಬಿದ್ದ ಪೆಟ್ಟು ಶಾಶ್ವತವಾಗಿಬಿಡಬಹುದು. "ಡಾಕ್ಟ್ರೇ, ಥಯಾಮಿನ್ ಕೊಟ್ಟಿದ್ದೀರಾ?" ಎಂದು ಕೇಳುವುದು ಉದ್ಧಟತನವಲ್ಲ.

ಒಂದು ಗೊಂದಲ ಬಹಳ ಮಂದಿಗಿದೆ. ಈ ಮೊದಲ ವಾರದ ಔಷಧಿ ಬೇರೆ, ತುಡಿತಕ್ಕೆ ಕೊಡುವ ಔಷಧಿ ಬೇರೆ. ಮೊದಲನೆಯದು ಕೆಲವೇ ದಿನಗಳದ್ದು, ಅದನ್ನೇ ಮುಂದುವರಿಸಿದರೆ ಅದೇ ಇನ್ನೊಂದು ಚಟವಾಗುತ್ತದೆ. ನಡುಕ ನಿಂತಿತು, ಮನೆಗೆ ಕಳಿಸಿದರು, ಮುಗಿಯಿತು ಎಂದುಕೊಂಡೆವು ನಾವು. ಆ ಹನ್ನೊಂದನೇ ದಿನದ ಸಂಜೆ ಬಂದದ್ದು ಹಾಗೆಯೇ. ಬಿಡುಗಡೆಯ ಚೀಟಿಯಲ್ಲಿ ತುಡಿತಕ್ಕೆ ಒಂದೂ ಮಾತ್ರೆ ಇರಲಿಲ್ಲ.

## ಹೆಜ್ಜೆ 3: ವೈದ್ಯರಿಗೆ ಹೇಳಲೇಬೇಕಾದ್ದು

ಮನೋವೈದ್ಯರಾದರೆ ಒಳ್ಳೆಯದು, ಆದರೆ ಈ ಮಾತ್ರೆಗಳ ಬಗ್ಗೆ ತಿಳಿದ ಸಾಮಾನ್ಯ ವೈದ್ಯರೂ ಬರೆದುಕೊಡಬಹುದು. ಶುರುವಿನಲ್ಲೇ ನೇರವಾಗಿ ಕೇಳಿ: "ಕುಡಿಯಬೇಕು ಅನ್ನಿಸೋದನ್ನ ಕಮ್ಮಿ ಮಾಡೋ ಮಾತ್ರೆ ನನಗೆ ಹೊಂದುತ್ತಾ?"

ರಕ್ತಪರೀಕ್ಷೆಯಲ್ಲಿ ಲಿವರ್ ಮತ್ತು ಕಿಡ್ನಿಯ ವರದಿಗಳು ಮುಖ್ಯ. ತುಡಿತ ತಗ್ಗಿಸುವ ಎರಡು ಮುಖ್ಯ ಮಾತ್ರೆಗಳಲ್ಲಿ (ವಿವರ ಮುಂದಿನ ಹೆಜ್ಜೆಯಲ್ಲಿದೆ) ನಾಲ್ಟ್ರೆಕ್ಸೋನ್‌ಗೆ ಮುಂಚೆ ಲಿವರ್ ನೋಡಬೇಕು, ಅಕಾಂಪ್ರೊಸೇಟ್‌ಗೆ ಮುಂಚೆ ಕಿಡ್ನಿ. ಗರ್ಭ ಧರಿಸುವ ಸಾಧ್ಯತೆ ಇರುವವರು ಅದನ್ನು ಹೇಳಬೇಕು. ಹೃದಯದ ತೊಂದರೆ, ಫಿಟ್ಸ್, ಖಿನ್ನತೆ, ಸಾಯಬೇಕು ಅನ್ನಿಸಿದ ದಿನಗಳು, ಇವನ್ನೂ.

ಎಲ್ಲಕ್ಕಿಂತ ಹೆಚ್ಚಾಗಿ, ನುಂಗುತ್ತಿರುವ ಬೇರೆ ಪ್ರತಿಯೊಂದು ಮಾತ್ರೆಯನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ. ಅಣ್ಣ "ಬೇರೆ ಏನೂ ಇಲ್ಲ" ಅಂದಿದ್ದ. ವೈದ್ಯೆ ಮತ್ತೆ ಕೇಳಿದರು, ಬೆನ್ನುನೋವಿಗೆ? ಅವನು ಪರ್ಸಿನಿಂದ ಅರ್ಧ ಖಾಲಿಯಾದ ಒಂದು ಪಟ್ಟಿ ತೆಗೆದ. ಟ್ರಮಡಾಲ್. ಅವರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. ಟ್ರಮಡಾಲ್ ಓಪಿಯಾಯ್ಡ್ ಜಾತಿಯ ನೋವುನಿವಾರಕ. ಅದು ದೇಹದಲ್ಲಿರುವಾಗ ನಾಲ್ಟ್ರೆಕ್ಸೋನ್ ನುಂಗಿದರೆ ತೀವ್ರವಾದ ವಿತ್‌ಡ್ರಾವಲ್, ಅಂದರೆ ಮದ್ದು ದಿಢೀರನೆ ನಿಂತಾಗಿನ ಸಂಕಟ, ಒಮ್ಮೆಗೇ ಎರಗುತ್ತದೆ: ವಾಂತಿ, ಭೇದಿ, ಮೈಕೈ ಮುರಿತ, ಕಂಗಾಲು. ಕೋಡೀನ್ ಇರುವ ಕೆಮ್ಮಿನ ಸಿರಪ್, ಮಾರ್ಫಿನ್, ಬ್ಯುಪ್ರೆನಾರ್ಫಿನ್ ಎಲ್ಲಕ್ಕೂ ಇದೇ ಮಾತು. ಸಾಮಾನ್ಯವಾಗಿ 7ರಿಂದ 10 ದಿನ ಓಪಿಯಾಯ್ಡ್ ಇಲ್ಲದೆ ಕಳೆದ ಮೇಲೇ ನಾಲ್ಟ್ರೆಕ್ಸೋನ್ ಶುರುಮಾಡುತ್ತಾರೆ, ಕೆಲವಕ್ಕೆ ಇನ್ನೂ ಹೆಚ್ಚು ದಿನ ಬೇಕು. ಅಣ್ಣನ ಬೆನ್ನಿಗೆ ಬೇರೆ ಔಷಧಿ ಬರೆದು, ಹತ್ತು ದಿನ ಬಿಟ್ಟು ಬರಲು ಹೇಳಿದರು. ಆ ಹತ್ತು ದಿನ ನಮಗೆ ಬಹಳ ಉದ್ದವೆನಿಸಿತು. ಆದರೂ ಕಾದದ್ದೇ ಸರಿ.

## ಹೆಜ್ಜೆ 4: ಯಾವ ಮಾತ್ರೆ

ನಾಲ್ಟ್ರೆಕ್ಸೋನ್. ಅಮೆರಿಕದಲ್ಲಿ 1984ರಲ್ಲಿ ಓಪಿಯಾಯ್ಡ್ ವ್ಯಸನಕ್ಕೆ, 1994ರಲ್ಲಿ ಮದ್ಯವ್ಯಸನಕ್ಕೆ ಒಪ್ಪಿಗೆ ಪಡೆದ ಔಷಧಿ. ಓಪಿಯಾಯ್ಡ್ ಗ್ರಾಹಕಗಳ ಮೇಲೆ ಇದು ಹೋಗಿ ಕೂತುಬಿಡುತ್ತದೆ. ಮದ್ಯದಿಂದ ಹುಟ್ಟಿದ ಎಂಡಾರ್ಫಿನ್‌ಗೆ ಆಮೇಲೆ ಅಲ್ಲಿ ಜಾಗವಿರುವುದಿಲ್ಲ. ಕುಡಿದರೂ ಹಿಂದಿನ ಆ ಮಜಾ ಪೂರ್ತಿ ಸಿಗುವುದಿಲ್ಲ, ಒಂದರಿಂದ ಐದಕ್ಕೆ ಜಾರುವುದು ತಪ್ಪುತ್ತದೆ. ನಿಧಾನಕ್ಕೆ ಆರು ಗಂಟೆಯ ಗಂಟೂ ಸಡಿಲವಾಗುತ್ತದೆ. ಇದು ಅಮಲನ್ನು ತಡೆಯುವುದಿಲ್ಲ, ನೆನಪಿರಲಿ. ನುಂಗಿ ಕುಡಿದರೂ ನಶೆ ಏರುತ್ತದೆ, ಗಾಡಿ ಓಡಿಸುವುದು ಅಷ್ಟೇ ಅಪಾಯ.

ಸಾಮಾನ್ಯ ಪ್ರಮಾಣ ದಿನಕ್ಕೆ ಒಂದು 50 ಮಿ.ಗ್ರಾಂ. ಮಾತ್ರೆ. ಹೊಟ್ಟೆ ತೊಳಸಬಾರದೆಂದು ಮೊದಲ ಕೆಲವು ದಿನ ಅರ್ಧ ಮಾತ್ರೆಯಿಂದ ಶುರುಮಾಡುವ ವೈದ್ಯರು ಬಹಳ. ಮಾತ್ರೆ ಮರೆಯುವವರಿಗೆ ತಿಂಗಳಿಗೊಮ್ಮೆ ಪೃಷ್ಠದ ಸ್ನಾಯುವಿಗೆ ಕೊಡುವ 380 ಮಿ.ಗ್ರಾಂ. ಇಂಜೆಕ್ಷನ್ 2006ರಲ್ಲಿ ಬಂತು. ಕುಡಿತ ಪೂರ್ತಿ ನಿಂತಿರಲೇಬೇಕು ಎಂಬ ಷರತ್ತು ಮಾತ್ರೆಗೆ ಇಲ್ಲ, ಇನ್ನೂ ಕುಡಿಯುತ್ತಿರುವವರಿಗೂ ಶುರುಮಾಡಬಹುದು. ಕುಡಿಯುವ ಸಂಭವವಿರುವ ದಿನ ಮಾತ್ರ ಸುಮಾರು ಒಂದು ಗಂಟೆ ಮುಂಚೆ ನುಂಗುವ ಪದ್ಧತಿಯೂ ಇದೆ. ಕಡಿಮೆ ಮಾಡುವ ಗುರಿಯವರು ಅದರ ಬಗ್ಗೆ ಕೇಳಬಹುದು. ಇದೇ ಬಗೆಯ ನಾಲ್ಮೆಫೀನ್ ಎಂಬ ಔಷಧಿಗೆ ಯುರೋಪಿನಲ್ಲಿ 2013ರಲ್ಲಿ ಒಪ್ಪಿಗೆ ಸಿಕ್ಕಿದ್ದು ಹೀಗೆ ಬೇಕಾದಾಗ ನುಂಗುವ ಮಾತ್ರೆಯಾಗಿಯೇ. ಲಿವರ್ ವಿಫಲವಾಗಿದ್ದರೆ, ತೀವ್ರ ಹೆಪಟೈಟಿಸ್ ಇದ್ದರೆ ನಾಲ್ಟ್ರೆಕ್ಸೋನ್ ಬೇಡ ಅನ್ನುತ್ತಾರೆ.

ಅಕಾಂಪ್ರೊಸೇಟ್. "ಈ ಸಂಕಟ ಹೋದರೆ ಸಾಕು" ಎನ್ನುವವರ ಮಾತ್ರೆ ಎಂದು ನಾನು ನೆನಪಿಟ್ಟುಕೊಂಡಿದ್ದೇನೆ. ಹಾಗೆ ಕಡ್ಡಾಯ ನಿಯಮವೇನಿಲ್ಲ. ಕೆರಳಿದ ಗ್ಲುಟಮೇಟ್ ವ್ಯವಸ್ಥೆಯನ್ನು ತಣಿಸುತ್ತದೆ ಎಂಬುದು ಇದರ ಕೆಲಸದ ಬಗ್ಗೆ ಇರುವ ವಿವರಣೆ. ಕುಡಿತ ನಿಲ್ಲಿಸಿದ ಮೇಲೆ, ಬಿಟ್ಟ ಸ್ಥಿತಿಯನ್ನು ಉಳಿಸಿಕೊಳ್ಳಲು ಕೊಡುತ್ತಾರೆ. ಲಿವರ್ ಇದನ್ನು ಮುಟ್ಟುವುದಿಲ್ಲ, ಕಿಡ್ನಿಯ ಮೂಲಕ ಹೊರಹೋಗುತ್ತದೆ. ಹಾಗಾಗಿ ಲಿವರ್ ಕೆಟ್ಟವರಿಗೂ, ಓಪಿಯಾಯ್ಡ್ ನೋವುನಿವಾರಕ ಬಿಡಲಾಗದವರಿಗೂ ಒಗ್ಗುತ್ತದೆ. ಕಿಡ್ನಿ ಅರ್ಧಂಬರ್ಧ ಕೆಲಸ ಮಾಡುತ್ತಿದ್ದರೆ ಪ್ರಮಾಣ ಇಳಿಸಬೇಕು, ತೀರಾ ಕೆಟ್ಟಿದ್ದರೆ ಕೊಡುವಂತಿಲ್ಲ.

ಇದರ ಕಷ್ಟ ಎಣಿಕೆಯಲ್ಲಿದೆ: 333 ಮಿ.ಗ್ರಾಂ. ಮಾತ್ರೆ, ಹೊತ್ತಿಗೆ ಎರಡರಂತೆ ಮೂರು ಹೊತ್ತು, ದಿನಕ್ಕೆ ಆರು. ಮೇಲಿನ ಲೇಪ ಹೊಟ್ಟೆಯಲ್ಲಿ ಕರಗಬಾರದೆಂದು ಮಾಡಿದ್ದು, ಆದ್ದರಿಂದ ಮುರಿಯದೆ ಜಗಿಯದೆ ನುಂಗಬೇಕು. ಪರಿಣಾಮ ಕೂಡಿಬರಲು ಒಂದು ವಾರದ ಆಸುಪಾಸು ಬೇಕು. ಹೆಚ್ಚಾಗಿ ಕಾಣುವ ಕಿರಿಕಿರಿ ಭೇದಿ.

ಡೈಸಲ್ಫಿರಾಮ್. ಕುಡಿತ ಬಿಡಿಸುವ ಮಾತ್ರೆ ಎಂದರೆ ಬಹುಮಂದಿಗೆ ಮೊದಲು ನೆನಪಾಗುವುದು ಇದೇ. ಆದರೆ ಇದು ತುಡಿತವನ್ನು ತಗ್ಗಿಸುವುದಿಲ್ಲ, ಹೆದರಿಕೆ ಹುಟ್ಟಿಸುತ್ತದೆ. ಡೆನ್ಮಾರ್ಕ್‌ನಲ್ಲಿ ಯೆನ್ಸ್ ಹಾಲ್ಡ್ ಮತ್ತು ಎರಿಕ್ ಯಾಕೋಬ್ಸನ್ ಎಂಬ ವಿಜ್ಞಾನಿಗಳು ಬೇರೆ ಉದ್ದೇಶಕ್ಕೆ ಇದನ್ನು ಪರೀಕ್ಷಿಸುತ್ತಾ ತಾವೇ ನುಂಗಿದ್ದರು. ಆಮೇಲೆ ಕುಡಿದಾಗ ಮೈಗೆ ಹುಷಾರಿಲ್ಲದಂತಾಗಿ ಸಂಗತಿ ಬಯಲಾಯಿತು, 1948ರಲ್ಲಿ ಪ್ರಕಟವೂ ಆಯಿತು. ಮದ್ಯ ಒಡೆದು ಹುಟ್ಟುವ ಅಸಿಟಾಲ್ಡಿಹೈಡ್ ಎಂಬ ವಿಷವನ್ನು ಕಳೆಯುವ ಕಿಣ್ವವನ್ನು ಇದು ಕಟ್ಟಿಹಾಕುತ್ತದೆ. ಕುಡಿದ ಅರ್ಧ ಗಂಟೆಯೊಳಗೆ ಮುಖ ಕೆಂಪಡರಿ, ತಲೆ ಸಿಡಿದು, ವಾಂತಿಯಾಗಿ, ಎದೆ ಹೊಡೆದುಕೊಂಡು, ಬಿ.ಪಿ. ಬೀಳುತ್ತದೆ. ಕೆಲವರ ಪ್ರಾಣವೂ ಹೋಗಿದೆ.

ಕೊನೆಯ ಗ್ಲಾಸಿನಿಂದ ಕನಿಷ್ಠ 12 ಗಂಟೆ ಕಳೆಯದೆ ಇದನ್ನು ನುಂಗಕೂಡದು. ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಪ್ರಭಾವ ಉಳಿಯಬಹುದು. ಆಲ್ಕೋಹಾಲ್ ಇರುವ ಕೆಮ್ಮಿನ ಸಿರಪ್, ಬಾಯಿ ಮುಕ್ಕಳಿಸುವ ದ್ರಾವಣ, ಮೈಗೆ ಹಚ್ಚುವ ಲೋಷನ್‌ಗಳ ಬಗ್ಗೆಯೂ ಎಚ್ಚರ ಬೇಕು. ಮೆಟ್ರೊನಿಡಜೋಲ್ ಜೊತೆ ಕೂಡದು. ಹೃದಯ ರೋಗ ಅಥವಾ ಮನೋವಿಕಲತೆ ಇರುವವರಿಗೆ ಬೇಡ. ಕಣ್ಣು ಹಳದಿಯಾದರೆ, ಮೂತ್ರ ಕಪ್ಪಾದರೆ ಕೂಡಲೇ ನಿಲ್ಲಿಸಿ ವೈದ್ಯರಲ್ಲಿಗೆ ಓಡಬೇಕು, ಅಪರೂಪವಾದರೂ ಲಿವರ್‌ಗೆ ತೀವ್ರ ಹಾನಿಯಾಗಬಹುದು. ಪೂರ್ತಿ ಬಿಡಲೇಬೇಕೆಂದು ತಾನೇ ನಿರ್ಧರಿಸಿ, ದಿನಾ ಒಬ್ಬರ ಕಣ್ಣೆದುರು ನುಂಗಲು ಒಪ್ಪುವವರಿಗೆ ಇದು ಕೆಲಸಕ್ಕೆ ಬರುತ್ತದೆ. ಬೇರೆಯವರಿಗೆ ನಾನಂತೂ ಇದನ್ನು ಮೊದಲ ಆಯ್ಕೆಯೆಂದು ಎಣಿಸುವುದಿಲ್ಲ.

ಇಲ್ಲೇ ಒಂದು ಮಾತು, ಮನೆಯವರಿಗೆ. ಗೊತ್ತಾಗದ ಹಾಗೆ ಊಟದಲ್ಲಿ ಬೆರೆಸಿಕೊಡುವ ಪುಡಿಗಳ ಮೊರೆ ಹೋಗಬೇಡಿ. ಅದರಲ್ಲಿ ಡೈಸಲ್ಫಿರಾಮ್ ಇದ್ದು, ಏನೂ ತಿಳಿಯದ ಮನುಷ್ಯ ಎಂದಿನಂತೆ ಕುಡಿದರೆ ಅವನ ಜೀವವೇ ಹೋಗಬಹುದು. ಏನಿದೆ ಎಂದೇ ತಿಳಿಯದ ಪುಡಿ ಇನ್ನೂ ಅಪಾಯ. ಎಷ್ಟೇ ಬೇಸತ್ತಿದ್ದರೂ ಬೇಡ. ನಮ್ಮ ಮನೆಯಲ್ಲೂ ಅಂಥ ಒಂದು ಪೊಟ್ಟಣ ಬಂದಿತ್ತು. ಅಮ್ಮ ಎರಡು ದಿನ ಕೈಯಲ್ಲಿ ಹಿಡಿದು ಯೋಚಿಸಿ ಕಸಕ್ಕೆ ಹಾಕಿದಳು.

ಉಳಿದವು. ಮೇಲಿನವು ಒಗ್ಗದಿದ್ದರೆ ತಜ್ಞರು ಬೇರೆ ಕಾಯಿಲೆಗಳಿಗೆಂದು ಬಂದ ಕೆಲವು ಔಷಧಿಗಳನ್ನು ಬಳಸುತ್ತಾರೆ. ಟೋಪಿರಮೇಟ್ ಅನ್ನು ತೀರ ಸಣ್ಣ ಪ್ರಮಾಣದಿಂದ ವಾರಗಟ್ಟಲೆ ಏರಿಸಬೇಕು. ಬೆರಳು ಜುಮ್ಮೆನ್ನುವುದು, ಮಾತಿನ ಮಧ್ಯೆ ಪದ ಸಿಗದಿರುವುದು ಇದರ ಅಡ್ಡಪರಿಣಾಮಗಳು. ಗರ್ಭಿಣಿಯರಿಗೆ ಕೂಡದು. ಗಾಬಾಪೆಂಟಿನ್ ನಿದ್ದೆಗೆಟ್ಟವರಿಗೆ ನೆರವಾಗಬಹುದು, ಆದರೆ ಅದರ ದುರ್ಬಳಕೆಯೂ ಇದೆ. ಬ್ಯಾಕ್ಲೋಫೆನ್ ಅನ್ನು ಸಿರೋಸಿಸ್ (ಲಿವರ್ ಗಟ್ಟಿಯಾಗಿ ಕೆಡುವುದು) ಇರುವವರಲ್ಲಿ ಪರೀಕ್ಷಿಸಿದ ಮುಖ್ಯ ಅಧ್ಯಯನ 2007ರಲ್ಲಿ ಬಂತು. ಫ್ರಾನ್ಸ್ 2018ರಲ್ಲಿ ಮದ್ಯವ್ಯಸನಕ್ಕೆ ಇದನ್ನು ಒಪ್ಪಿತು. ಮಂಪರು ಜಾಸ್ತಿ, ಮದ್ಯದ ಜೊತೆ ಸೇರಿದರೆ ಅಪಾಯ. ಈ ಮೂರನ್ನೂ ಒಮ್ಮೆಗೇ ನಿಲ್ಲಿಸುವಂತಿಲ್ಲ.

ಎಷ್ಟು ಪ್ರಯೋಜನ ನಿರೀಕ್ಷಿಸಬಹುದು? 2023ರಲ್ಲಿ ಪ್ರಕಟವಾದ ಒಂದು ದೊಡ್ಡ ಸಮೀಕ್ಷೆ ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿತು. ಅದರ ಲೆಕ್ಕದಲ್ಲಿ, 11 ಮಂದಿ ಅಕಾಂಪ್ರೊಸೇಟ್ ತೆಗೆದುಕೊಂಡರೆ, ಇಲ್ಲದಿದ್ದರೆ ಕುಡಿತಕ್ಕೆ ಮರಳುತ್ತಿದ್ದ ಒಬ್ಬರು ಉಳಿದುಕೊಳ್ಳುತ್ತಾರೆ. 11 ಮಂದಿ ನಾಲ್ಟ್ರೆಕ್ಸೋನ್ ಮಾತ್ರೆ ತೆಗೆದುಕೊಂಡರೆ ಮಿತಿಮೀರಿದ ಕುಡಿತಕ್ಕೆ ಮರಳುವುದರಿಂದ ಒಬ್ಬರು ತಪ್ಪಿಸಿಕೊಳ್ಳುತ್ತಾರೆ. ಪವಾಡವಲ್ಲ. ಆದರೆ ದಿನನಿತ್ಯ ನಾವು ನಂಬಿ ನುಂಗುವ ಎಷ್ಟೋ ಮಾತ್ರೆಗಳಿಗೆ ಇಷ್ಟು ಬಲವೂ ಇಲ್ಲ. ಒಂದು ಮಾತ್ರೆ ನಿಮಗೆ ಹತ್ತದಿದ್ದರೆ ಇನ್ನೊಂದನ್ನು ನೋಡಲು ಇದೇ ಕಾರಣ ಸಾಕು.

## ಹೆಜ್ಜೆ 5: ಮೊದಲ ನಾಲ್ಕು ವಾರ

ಮಾತ್ರೆಗೆ ಒಂದು ಗಟ್ಟಿ ಹೊತ್ತು ಕಟ್ಟಿ. ಹಲ್ಲುಜ್ಜಿದ ಮೇಲೆ, ಊಟವಾದ ಮೇಲೆ, ಹೀಗೆ ಈಗಾಗಲೇ ತಪ್ಪದ ಒಂದು ಕೆಲಸಕ್ಕೆ ಅಂಟಿಸಿ. ವಾರದ ದಿನಗಳ ಹೆಸರಿರುವ ಡಬ್ಬಿ ಕೊಳ್ಳಿ. ಅಕಾಂಪ್ರೊಸೇಟ್ ಆದರೆ ಮಧ್ಯಾಹ್ನದ ಎರಡು ಮಾತ್ರೆಗಳೇ ಹೆಚ್ಚಾಗಿ ತಪ್ಪುವುದು, ಅವನ್ನು ಕೆಲಸದ ಚೀಲದಲ್ಲಿ ಬೇರೆಯಾಗಿಡಿ. ಮರೆತರೆ ಮುಂದಿನ ಹೊತ್ತಿಗೆ ದುಪ್ಪಟ್ಟು ನುಂಗಬೇಡಿ.

ನಾಲ್ಟ್ರೆಕ್ಸೋನ್‌ನ ಮೊದಲ ವಾರ ಹೊಟ್ಟೆ ತೊಳಸಬಹುದು, ತಲೆನೋವು, ಸುಸ್ತು, ನಿದ್ದೆ ಏರುಪೇರು ಇರಬಹುದು. ಅಣ್ಣನಿಗೆ ಮೂರನೇ ದಿನ ವಾಕರಿಕೆ ಬಂದು "ಇದು ನನಗಾಗಲ್ಲ" ಅಂದುಬಿಟ್ಟ. ಫೋನ್ ಮಾಡಿದಾಗ ವೈದ್ಯೆ, ಖಾಲಿ ಹೊಟ್ಟೆಗೆ ಬೇಡ, ಹೊಟ್ಟೆ ತುಂಬ ತಿಂದ ಮೇಲೆ ಅರ್ಧ ಮಾತ್ರೆ, ಇನ್ನು ನಾಲ್ಕು ದಿನ ಹೀಗೇ ನಡೆಯಲಿ ಅಂದರು. ಐದನೇ ದಿನದಿಂದ ಕಡಿಮೆಯಾಯಿತು. ಈ ವಾರದಲ್ಲೇ ಮಾತ್ರೆ ಕೈಬಿಡುವವರು ಬಹಳ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ: ನೀವೇ ನಿಲ್ಲಿಸುವ ಮುಂಚೆ ಒಂದು ಫೋನ್ ಮಾಡಿ.

ಮೇಲುಹೊಟ್ಟೆಯಲ್ಲಿ ದಿನಗಟ್ಟಲೆ ನೋವು, ಕಣ್ಣು ಹಳದಿ, ಮೂತ್ರ ಕಪ್ಪು, ಇವು ಮಾತ್ರ ಕಾಯುವಂಥವಲ್ಲ. ಮನಸ್ಸು ತೀರಾ ಕುಸಿದು ಸಾಯುವ ಯೋಚನೆ ಬಂದರೆ ಅದೂ ಕಾಯುವಂಥದ್ದಲ್ಲ. ಆಗಲೇ ಯಾರಿಗಾದರೂ ಹೇಳಿ, ಆಗಲೇ ವೈದ್ಯರ ಬಳಿ ಹೋಗಿ.

ಒಂದು ಚಿಕ್ಕ ಪುಸ್ತಕವಿಡಿ. ದಿನಕ್ಕೆ ಒಂದು ಸಾಲು ಸಾಕು: ತುಡಿತ ಎಷ್ಟು ಹೊತ್ತಿಗೆ ಬಂತು, ಸೊನ್ನೆಯಿಂದ ಹತ್ತರಲ್ಲಿ ಎಷ್ಟು, ಎಷ್ಟು ನಿಮಿಷ ಇತ್ತು, ಆಗ ಏನು ಮಾಡಿದಿರಿ. ಅಣ್ಣನ ಪುಸ್ತಕದ ಮೊದಲ ಪುಟದಲ್ಲಿ "6.10, ಒಂಬತ್ತು, ಮುಗಿಯಲೇ ಇಲ್ಲ" ಎಂದಿದೆ. ಮೂರನೇ ವಾರದಲ್ಲಿ "6.30, ಐದು, ಇಪ್ಪತ್ತು ನಿಮಿಷ, ನಡೆಯೋಕೆ ಹೋದೆ". ಮಾತ್ರೆ ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂದು ಮನಸ್ಸನ್ನು ಕೇಳಿದರೆ ಅದು ಇವತ್ತಿನದನ್ನಷ್ಟೇ ಹೇಳುತ್ತದೆ, ಪುಸ್ತಕ ಮೂರು ವಾರದ್ದನ್ನು ಹೇಳುತ್ತದೆ. ಮುಂದಿನ ಭೇಟಿಗೆ ಅದನ್ನೇ ಒಯ್ಯಿರಿ.

ತುಡಿತ ತಗ್ಗಿದ ಆ ಹೊತ್ತು ಖಾಲಿ ಬಿದ್ದಿರುತ್ತದೆ, ಅದನ್ನು ಬೇರೆ ಯಾವುದರಿಂದಲಾದರೂ ತುಂಬಲೇಬೇಕು. ಮಾತ್ರೆ ಜೊತೆಗೆ ನಿಯಮಿತ ಭೇಟಿ, ಆಪ್ತಸಲಹೆ ಅಥವಾ ಕುಡಿತ ಬಿಟ್ಟವರ ಗುಂಪು ಇದ್ದರೆ ಒಳ್ಳೆಯದು. ಆದರೆ ಆಪ್ತಸಲಹೆ ಸಿಗುವುದಿಲ್ಲ ಎಂಬ ಕಾರಣಕ್ಕೆ ಮಾತ್ರೆಯನ್ನು ಮುಂದೂಡಬೇಡಿ. 2006ರಲ್ಲಿ ಪ್ರಕಟವಾದ ಕಂಬೈನ್ ಅಧ್ಯಯನದಲ್ಲಿ 1,383 ಮಂದಿ ಇದ್ದರು. ನಾಲ್ಟ್ರೆಕ್ಸೋನ್ ಜೊತೆ ವೈದ್ಯರೋ ದಾದಿಯೋ ಆಗಾಗ ಕೂತು ಮಾತನಾಡಿಸುವ ಸರಳ ಭೇಟಿಗಳಿದ್ದವರಲ್ಲೂ ಒಳ್ಳೆಯ ಫಲ ಕಂಡಿತು.

ಮನೆಯವರು ಡಬ್ಬಿಯನ್ನು ತನಿಖೆ ಮಾಡುವ ಅಧಿಕಾರಿಗಳಾಗಬೇಡಿ. ಮೊದಲೇ ಕೂತು ಒಪ್ಪಂದ ಮಾಡಿಕೊಳ್ಳಿ: ಬೆಳಿಗ್ಗೆ ಒಟ್ಟಿಗೆ ಕೂತಾಗ ಅವನು ನುಂಗುತ್ತಾನೆ, ನೀವು ಇರುತ್ತೀರಿ, ಅಷ್ಟೇ. ಅದಾದ ಮೇಲೆ ಆ ದಿನ ಮಾತ್ರೆಯ ಮಾತೇ ಬೇಡ.

## ಹೆಜ್ಜೆ 6: ಮಧ್ಯೆ ಕುಡಿದುಬಿಟ್ಟರೆ

ಕುಡಿದುಬಿಡುವ ಸಾಧ್ಯತೆ ಇದ್ದೇ ಇದೆ. ಆ ದಿನ ಏನು ಮಾಡಬೇಕೆಂದು ಮುಂಚೆಯೇ ಗೊತ್ತಿರಲಿ. ನಾಲ್ಟ್ರೆಕ್ಸೋನ್ ಅಥವಾ ಅಕಾಂಪ್ರೊಸೇಟ್ ಆದರೆ ಮಾತ್ರೆ ನಿಲ್ಲಿಸಬೇಡಿ, ಮಾರನೇ ದಿನವೂ ನುಂಗಿ. "ಕುಡಿದೆನಲ್ಲ, ಇನ್ನು ಮಾತ್ರೆ ಯಾಕೆ" ಎಂದು ಡಬ್ಬಿ ಒಳಗಿಟ್ಟ ದಿನವೇ ಒಂದು ಗ್ಲಾಸು ಒಂದು ತಿಂಗಳಾಗುವುದು. ಪುಸ್ತಕದಲ್ಲಿ ಬರೆಯಿರಿ, ಒಂದೆರಡು ದಿನದೊಳಗೆ ವೈದ್ಯರಿಗೆ ತಿಳಿಸಿ. ಡೈಸಲ್ಫಿರಾಮ್ ಆದರೆ ಮಾತ್ರ ಲೆಕ್ಕ ಬೇರೆ. ಸ್ವಲ್ಪ ಕುಡಿದಿದ್ದರೂ ಆಸ್ಪತ್ರೆಗೆ ಹೋಗಿ, ಏನು ನುಂಗಿದ್ದೀರೆಂದು ಹೇಳಿ. ಮತ್ತೆ ಹಲವು ದಿನ ಜೋರಾಗಿ ಕುಡಿದಿದ್ದರೆ ಎರಡನೇ ಹೆಜ್ಜೆಯ ಎಚ್ಚರಿಕೆ ಹೊಸದಾಗಿ ಅನ್ವಯಿಸುತ್ತದೆ.

## ಹೆಜ್ಜೆ 7: ಜೇಬಿನಲ್ಲೊಂದು ಚೀಟಿ

ನಾಲ್ಟ್ರೆಕ್ಸೋನ್ ತೆಗೆದುಕೊಳ್ಳುವವರು "ನಾನು ನಾಲ್ಟ್ರೆಕ್ಸೋನ್ ತೆಗೆದುಕೊಳ್ಳುತ್ತಿದ್ದೇನೆ" ಎಂದು ಬರೆದ ಚೀಟಿಯನ್ನು ಪರ್ಸಿನಲ್ಲಿ ಇಟ್ಟುಕೊಳ್ಳಬೇಕು. ಅಪಘಾತವಾಗಿ ಮಾರ್ಫಿನ್ ಜಾತಿಯ ಔಷಧಿ ಕೊಟ್ಟರೆ ಅದು ನಾಟುವುದಿಲ್ಲ, ಬೇರೆ ದಾರಿ ಹುಡುಕಬೇಕೆಂದು ಚಿಕಿತ್ಸೆ ಕೊಡುವವರಿಗೆ ತಿಳಿಯಬೇಕು. ಮೊದಲೇ ಗೊತ್ತಾದ ಶಸ್ತ್ರಚಿಕಿತ್ಸೆಯಿದ್ದರೆ ಕೆಲವು ದಿನ ಮುಂಚೆ ಮಾತ್ರೆ ನಿಲ್ಲಿಸುತ್ತಾರೆ, ಇಂಜೆಕ್ಷನ್ ಆದರೆ ಇನ್ನೂ ಮುಂಚೆ ಯೋಜಿಸಬೇಕು. ಹಿಂದೆ ಓಪಿಯಾಯ್ಡ್ ಬಳಸುತ್ತಿದ್ದವರು ಇನ್ನೊಂದು ಅಪಾಯ ತಿಳಿದಿರಲಿ. ನಾಲ್ಟ್ರೆಕ್ಸೋನ್ ಬಿಟ್ಟ ಮೇಲೆ ಹಳೆಯ ಪ್ರಮಾಣವನ್ನು ದೇಹ ತಾಳುವುದಿಲ್ಲ, ಉಸಿರೇ ನಿಲ್ಲಬಹುದು.

## ಹೆಜ್ಜೆ 8: ಎಷ್ಟು ಕಾಲ, ನಿಲ್ಲಿಸುವುದು ಹೇಗೆ

ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷ. ಕೆಲವರಿಗೆ ಅದಕ್ಕಿಂತ ಹೆಚ್ಚು. ಮೂರನೇ ತಿಂಗಳಲ್ಲಿ "ಈಗ ಚೆನ್ನಾಗಿದ್ದೇನೆ, ಇನ್ನೇಕೆ" ಅನ್ನಿಸುತ್ತದೆ. ಚೆನ್ನಾಗಿರುವುದಕ್ಕೆ ಮಾತ್ರೆಯ ಪಾಲೂ ಇದೆ ಎಂಬುದು ಆಗಲೇ ಮರೆಯುವುದು. ಲಿವರ್ ವರದಿಯನ್ನು ವೈದ್ಯರು ಹೇಳಿದ ಹೊತ್ತಿಗೆ ಮತ್ತೆ ಮಾಡಿಸಿ. ಎಷ್ಟೋ ಜನರಲ್ಲಿ ಅಂಕಿಗಳು ಇಳಿದಿರುತ್ತವೆ, ಅದನ್ನು ಕಣ್ಣಾರೆ ನೋಡುವುದೇ ಒಂದು ಬಲ.

ನಾಲ್ಟ್ರೆಕ್ಸೋನ್ ಮತ್ತು ಅಕಾಂಪ್ರೊಸೇಟ್ ಚಟ ಹಿಡಿಸುವುದಿಲ್ಲ, ನಿಲ್ಲಿಸಿದರೆ ಮೈಗೆ ಸಂಕಟವಿಲ್ಲ. ಆದರೂ ಹೊತ್ತು ನೋಡಿ ನಿಲ್ಲಿಸಿ: ಮದುವೆ, ಊರು ಬದಲಾವಣೆ, ಕೆಲಸ ಹೋದ ತಿಂಗಳು, ಸಾವಿನ ಮನೆ, ಇವುಗಳ ನಡುವೆ ಬೇಡ. ನಿಲ್ಲಿಸುವ ದಿನವೇ ನಾಲ್ಕು ವಾರದ ನಂತರದ ಒಂದು ಭೇಟಿಯನ್ನು ಗೊತ್ತುಮಾಡಿಕೊಳ್ಳಿ. ಆ ನಾಲ್ಕು ವಾರ ಪುಸ್ತಕ ಮತ್ತೆ ತೆರೆಯಿರಿ, ಅಂಕಿ ಏರತೊಡಗಿದರೆ ಭೇಟಿಯವರೆಗೂ ಕಾಯಬೇಡಿ.

ಅಣ್ಣ ಹದಿನಾಲ್ಕನೇ ತಿಂಗಳಲ್ಲಿ ನಿಲ್ಲಿಸಿದ. ಐದು ತಿಂಗಳಾದ ಮೇಲೆ ಅಪ್ಪ ತೀರಿಕೊಂಡರು. ಹದಿಮೂರನೇ ದಿನ ರಾತ್ರಿ ಪುಸ್ತಕ ತಂದು ನನ್ನ ಮುಂದಿಟ್ಟ. "6.15, ಎಂಟು" ಎಂದಿತ್ತು. ಮರುದಿನ ಬೆಳಿಗ್ಗೆ ಇಬ್ಬರೂ ಹೋಗಿ ರಕ್ತ ಕೊಟ್ಟು, ಅದೇ ಮಾತ್ರೆಯ ಚೀಟಿ ಮತ್ತೆ ಬರೆಸಿಕೊಂಡು ಬಂದೆವು. ಗಾಡಿ ಕೀಯನ್ನು ಬರುವ ದಾರಿಯಲ್ಲಿ ಅವನೇ ನನ್ನ ಕೈಗೆ ಕೊಟ್ಟ.